ಕೆಲಸವೂ ಹೋಯ್ತು, ವಿಮೆಯೂ ಹೋಯ್ತು

“ತಪ್ಪು ಮಾಡಿ ಕೆಲಸ ಕಳ್ಕೊಂಡೋನಿಗೆ ದುಡ್ಡು ಬೇರೆ ಕೊಡಬೇಕಾ?” ಕಾರ್ಖಾನೆಯಿಂದ ಯಾರನ್ನಾದರೂ ವಜಾ ಮಾಡಿದ ಸುದ್ದಿ ಬಂದಾಗಲೆಲ್ಲ ಏಳುವ ಪ್ರಶ್ನೆ ಇದು. ಹುಣಸೂರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತವರಿಗೂ ಮೈಸೂರಿನ ಕಾರ್ಖಾನೆಗಳ ಎಚ್.ಆರ್. ಕೊಠಡಿಯಲ್ಲಿ ಕೂತವರಿಗೂ ಬೇರೆ ಯಾವುದರಲ್ಲೂ ಒಮ್ಮತವಿಲ್ಲ, ಇದರಲ್ಲಿ ಮಾತ್ರ ಇದೆ. ಮಾಡಿದ್ದುಣ್ಣೋ ಮಹರಾಯ ಎಂದು ಎದ್ದುಹೋದರೆ ವಾದ ಮುಗಿದಂತೆ. ಕೆಲಸ ಕಳೆದುಕೊಂಡವರೇ ಎಷ್ಟೋ ಸಲ ಈ ಮಾತನ್ನು ಒಪ್ಪಿಕೊಂಡು, ಇಎಸ್‌ಐ ಕಚೇರಿಯ ಕಡೆಗೆ ತಲೆಯನ್ನೂ ಹಾಕದೆ ಸುಮ್ಮನಾಗುತ್ತಾರೆ.

ಇಷ್ಟೊಂದು ಜನ ಒಪ್ಪಿದ ಈ ಅಭಿಪ್ರಾಯ ಲೆಕ್ಕಕ್ಕೆ ನಿಲ್ಲುವುದಿಲ್ಲ, ಕಾನೂನಿಗೂ ಪೂರ್ತಿ ಹೊಂದುವುದಿಲ್ಲ. ಕಳ್ಳರನ್ನೂ ಪುಂಡರನ್ನೂ ಶಿಕ್ಷಿಸುವ ಹೆಸರಿನಲ್ಲಿ ಬಂದು ಕೂತಿರುವ ಒಂದು ಷರತ್ತು ನಿಜಕ್ಕೂ ಮಾಡುತ್ತಿರುವ ಕೆಲಸವೇ ಬೇರೆ.

ಮೊದಲು ಲೆಕ್ಕ. ಭಾರತದಲ್ಲಿ ಕಾರ್ಖಾನೆ ಕೆಲಸಗಾರರಿಗೆ ನಿರುದ್ಯೋಗ ಭತ್ಯೆ ಎಂಬುದೊಂದು ಇದೆಯೆಂದೇ ಹಲವರಿಗೆ ಗೊತ್ತಿಲ್ಲ. ಇಎಸ್‌ಐ ಎಂದರೆ ಆಸ್ಪತ್ರೆ, ಮಾತ್ರೆ, ಹೆರಿಗೆ ರಜೆ ಎಂದಷ್ಟೇ ಜನ ತಿಳಿದಿದ್ದಾರೆ. ಆದರೆ ಇಎಸ್‌ಐ ನಡೆಸುವ ಕಾರ್ಮಿಕರ ರಾಜ್ಯ ವಿಮಾ ನಿಗಮ 2005ರ ಏಪ್ರಿಲ್ 1ರಿಂದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯನ್ನೂ, 2018ರ ಜುಲೈ 1ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯನ್ನೂ ತಂದಿತು. ಎರಡನೆಯದರಲ್ಲಿ ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಕಾಲು ಭಾಗ, ಹೆಚ್ಚೆಂದರೆ 90 ದಿನ, ಅದೂ ಜೀವಮಾನದಲ್ಲಿ ಒಂದೇ ಸಲ ಸಿಗುತ್ತಿತ್ತು. ಕೋವಿಡ್ ಬಂದ ಮೇಲೆ ಕಾಲು ಭಾಗ ಅರ್ಧವಾಯಿತು. ತಿಂಗಳಿಗೆ 12,000 ರೂಪಾಯಿ ದುಡಿಯುವ ಹೊಲಿಗೆಯವಳಿಗೆ ಈ ಅರ್ಧದ ಲೆಕ್ಕದಲ್ಲಿ ಮೂರು ತಿಂಗಳಿಗೆ ಸುಮಾರು 18,000 ರೂಪಾಯಿ.

ಈ ಹಣ ಯಾರ ಮನೆಯದು? 2019ರ ಜುಲೈಯಿಂದ ಕೂಲಿಯ ಶೇ 0.75ನ್ನು ಕೆಲಸಗಾರರ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ, ಮಾಲೀಕರು ಶೇ 3.25 ಸೇರಿಸುತ್ತಾರೆ. ಅದೇ 12,000 ರೂಪಾಯಿಯವಳ ಹೆಸರಿನಲ್ಲಿ ತಿಂಗಳಿಗೆ 480, ವರ್ಷಕ್ಕೆ 5,760 ರೂಪಾಯಿ ನಿಗಮಕ್ಕೆ ಹೋಗುತ್ತದೆ. ಚಿಕಿತ್ಸೆಯ ಖರ್ಚೂ ಇದರಲ್ಲೇ ಸೇರಿದೆ, ನಿಜ. ಆದರೆ ಇದು ಸರ್ಕಾರದ ಬೊಕ್ಕಸದಿಂದ ಉದಾರವಾಗಿ ಎಸೆದ ಕಾಸಲ್ಲ, ಕಂತು ಕಟ್ಟಿದ ವಿಮೆ. ಕಂತು ಮುರಿಯುವಾಗ “ನಿನ್ನ ನಡತೆ ಹೇಗೆ” ಎಂದು ಯಾರೂ ಕೇಳಲಿಲ್ಲ.

ಭತ್ಯೆ ಕೊಡುವ ಹೊತ್ತಿಗೆ ಮಾತ್ರ ಕೇಳುತ್ತಾರೆ. ಶಿಸ್ತುಕ್ರಮದಿಂದ ವಜಾ ಆದವರಿಗೆ ಇಲ್ಲ. ತಾವಾಗಿಯೇ ಕೆಲಸ ಬಿಟ್ಟವರಿಗೆ ಇಲ್ಲ. ಲಾಕೌಟ್ ಇದ್ದರೆ ಇಲ್ಲ. ಕಾನೂನುಬಾಹಿರ ಎಂದು ಘೋಷಿಸಿದ ಮುಷ್ಕರವಾದರೆ ಇಲ್ಲ. ಈ ನಾಲ್ಕೂ ‘ಇಲ್ಲ’ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಕೆಲಸ ಹೋಗುವ ದಾರಿಗಳಲ್ಲಿ ಉಳಿದಿರುವುದು ಎಷ್ಟು ಎಂಬುದು ತಾನೇ ಅರ್ಥವಾಗುತ್ತದೆ.

ಇನ್ನು ದುರ್ನಡತೆ. ಆ ಮಾತು ಕೇಳಿದ ಕೂಡಲೇ ಜನರ ಕಣ್ಣಿಗೆ ಬರುವುದು ಕಂಪನಿಯ ಮಾಲು ಕದ್ದವನು, ಮೇಸ್ತ್ರಿಯ ಕೊರಳಪಟ್ಟಿ ಹಿಡಿದವನು. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಬಂದ ಮಾದರಿ ನಿಯಮಗಳ ಪಟ್ಟಿಯನ್ನು ಒಮ್ಮೆ ಓದಬೇಕು. ಕಳ್ಳತನವೂ ಲಂಚವೂ ಅದರಲ್ಲಿವೆ. ಅವುಗಳ ಜೊತೆಯಲ್ಲೇ ಇರುವವು: ಮೇಲಿನವರ ಮಾತು ಮೀರುವುದು, ಪದೇ ಪದೇ ತಡವಾಗಿ ಬರುವುದು, ರಜೆ ಹೇಳದೆ ಮತ್ತೆ ಮತ್ತೆ ಗೈರಾಗುವುದು ಅಥವಾ ಹತ್ತು ದಿನಕ್ಕಿಂತ ಹೆಚ್ಚು ಬಾರದಿರುವುದು, ಕೆಲಸದಲ್ಲಿ ರೂಢಿಯ ಅಸಡ್ಡೆ, ಕಾನೂನು ಮೀರಿದ ಮುಷ್ಕರಕ್ಕೆ ಇಳಿಯುವುದು ಅಥವಾ ಇಳಿಯಿರಿ ಎಂದು ಇತರರನ್ನು ಹುರಿದುಂಬಿಸುವುದು. ಗೋಡೌನ್ ದೋಚಿದವನೂ ಬಸ್ಸು ತಪ್ಪಿಸಿಕೊಂಡವಳೂ ಒಂದೇ ಪಟ್ಟಿಯಲ್ಲಿ ಕೂತಿದ್ದಾರೆ. ವಿಮೆಯ ಷರತ್ತು ಇವರಿಬ್ಬರ ನಡುವೆ ಯಾವ ಗೆರೆಯನ್ನೂ ಎಳೆಯುವುದಿಲ್ಲ.

ಬಸ್ಸಿನ ಮಾತು ಸುಮ್ಮನೆ ಬಂದದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಹೂಟಗಳ್ಳಿ, ಹೆಬ್ಬಾಳ, ಕೂರ್ಗಳ್ಳಿಯ ಕೈಗಾರಿಕಾ ಪ್ರದೇಶಗಳಿಗೆ ದಿನಾ ಹೋಗಿಬರುವವರ ಬದುಕು ಗಡಿಯಾರದ ಮೇಲೇ ನಿಂತಿದೆ. ಎಚ್.ಡಿ. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್, ಪಿರಿಯಾಪಟ್ಟಣದಿಂದ 70ರ ಹತ್ತಿರ. ಮೊದಲ ಪಾಳಿಗೆ ಹೊರಡುವವಳು ಕತ್ತಲಲ್ಲೇ ಎದ್ದು, ಮುದ್ದೆ ಕಟ್ಟಿ, ಡಬ್ಬಿ ತುಂಬಿ, ಊರಿನಿಂದ ಮುಖ್ಯರಸ್ತೆಗೆ ನಡೆದು ಬರಬೇಕು. ನಾಗರಹೊಳೆಯ ಅಂಚಿನ ಹಳ್ಳಿಗಳಲ್ಲಿ ಆ ಹೊತ್ತಿಗೆ ರಸ್ತೆಯ ಮೇಲೆ ಆನೆ ಇದ್ದರೆ ಕಾಯದೆ ವಿಧಿಯಿಲ್ಲ. ಅಷ್ಟರಲ್ಲಿ ಕಂಪನಿ ಬಸ್ಸು ಹೋಗಿರುತ್ತದೆ. ಗೇಟಿನಲ್ಲಿ ಬೆರಳೊತ್ತುವ ಯಂತ್ರಕ್ಕೆ ಆನೆಯ ಕತೆ ಬೇಕಿಲ್ಲ, ಪದೇ ಪದೇ ಕೆಂಪು ತೋರಿಸಿದರೆ ಕಾರಣ ಕೇಳಿ ನೋಟಿಸು ಬರುತ್ತದೆ.

ಈ ನಾಲ್ಕು ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆಯೂ ಹೌದು. ಮುಂಗಾರಿನ ಕೊನೆಗೆ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ ಬೇಯಿಸುವ ದಿನಗಳಲ್ಲಿ ಒಲೆಯ ಮುಂದೆ ಹಗಲೂ ರಾತ್ರಿ ಯಾರಾದರೂ ಇರಲೇಬೇಕು. ಕಾವು ಹೆಚ್ಚುಕಮ್ಮಿಯಾದರೆ ಇಡೀ ಬ್ಯಾರನ್ನಿನ ಸೊಪ್ಪು ಕೆಟ್ಟು, ಹರಾಜು ಕಟ್ಟೆಯಲ್ಲಿ ಕೇಳುವವರಿರುವುದಿಲ್ಲ. ಆ ವಾರ ಮನೆಯ ಹುಡುಗ ಕಾರ್ಖಾನೆಗೆ ಚಕ್ಕರ್ ಹಾಕಿದರೆ ಅದು ಕಂಪನಿಗೆ ಗೈರುಹಾಜರಿ, ಮನೆಗೆ ವರ್ಷದ ಅನ್ನ. ಚುಂಚನಕಟ್ಟೆಯ ದನಗಳ ಜಾತ್ರೆ, ಊರಹಬ್ಬ, ಹೆರಿಗೆ, ಸಾವು ಎಲ್ಲದರದ್ದೂ ಇದೇ ಕತೆ. ಗೈರುಹಾಜರಿ ಕಂಪನಿಗೆ ತೊಂದರೆಯಲ್ಲ ಎಂದು ಯಾರೂ ಹೇಳುತ್ತಿಲ್ಲ. ಅದಕ್ಕೆ ಕಂಪನಿ ಕೂಲಿ ಕತ್ತರಿಸಲಿ, ಎಚ್ಚರಿಕೆ ಕೊಡಲಿ, ಕೊನೆಗೆ ಬೇರೆಯವರನ್ನೇ ತೆಗೆದುಕೊಳ್ಳಲಿ. ಆದರೆ ಐದು ವರ್ಷ ಕಟ್ಟಿದ ವಿಮೆ ಮುಟ್ಟುಗೋಲಾಗುವುದು ಯಾವ ನ್ಯಾಯ?

ಸುಪ್ರೀಂ ಕೋರ್ಟೇ ಇಂಥ ಪ್ರಕರಣಗಳಲ್ಲಿ ಮಾಲೀಕರ ಕಿವಿ ಹಿಂಡಿದೆ. ಎಂಟು ದಿನಕ್ಕಿಂತ ಹೆಚ್ಚು ಬಾರದವರ ಹೆಸರನ್ನು ತಾನಾಗಿ ಹೊಡೆದುಹಾಕುವ ನಿಯಮ ಹಿಡಿದು ಜೆ.ಎಂ.ಎ. ಇಂಡಸ್ಟ್ರೀಸ್ ತನ್ನ ಕೆಲಸಗಾರ ಡಿ.ಕೆ. ಯಾದವ್ ಅವರನ್ನು ತೆಗೆದಾಗ, ತಾನು ಬಂದರೂ ಗೇಟಿನೊಳಗೆ ಬಿಡಲಿಲ್ಲ ಎಂಬುದು ಯಾದವ್ ವಾದ. ಅಹವಾಲು ಕೇಳದೆ ಅನ್ನ ಕಿತ್ತುಕೊಳ್ಳುವಂತಿಲ್ಲ ಎಂದು 1993ರಲ್ಲಿ ತೀರ್ಪಾಯಿತು. ಅನುಮತಿಯಿಲ್ಲದ ಗೈರುಹಾಜರಿಯೆಲ್ಲ ಬೇಕೆಂದೇ ಮಾಡಿದ ತಪ್ಪಲ್ಲ, ಬಾರದಿರುವುದಕ್ಕೆ ಕೈಮೀರಿದ ಕಾರಣಗಳಿರಬಹುದು ಎಂದು 2012ರ ಕೃಷ್ಣಕಾಂತ್ ಪರ್ಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ತಪ್ಪಿಗೂ ಶಿಕ್ಷೆಗೂ ತಾಳಮೇಳವಿಲ್ಲದಿದ್ದರೆ ವಜಾ ಆದೇಶವನ್ನೇ ಬದಲಿಸುವ ಅಧಿಕಾರವನ್ನು ಕೈಗಾರಿಕಾ ವಿವಾದ ಕಾಯ್ದೆಯ 11ಎ ಕಲಮು 1971ರ ಕೊನೆಯಿಂದಲೇ ಕಾರ್ಮಿಕ ನ್ಯಾಯಾಲಯಗಳಿಗೆ ಕೊಟ್ಟಿತ್ತು. ವಜಾ ಆದೇಶಗಳು ತಪ್ಪಾಗಿರುತ್ತವೆ, ಅತಿಯಾಗಿರುತ್ತವೆ ಎಂದು ಸಂಸತ್ತೇ ಒಪ್ಪಿಕೊಂಡ ಮಾತು ಇದು.

ಹಾಗಿದ್ದರೂ ವಿಮೆಯ ಕಿಟಕಿಯಲ್ಲಿ ಮಾಲೀಕರ ಕಾಗದವೇ ವೇದವಾಕ್ಯ. ಆರೋಪ ಹೊರಿಸುವವರು ಕಂಪನಿಯವರು. ಆಂತರಿಕ ವಿಚಾರಣೆಗೆ ಅಧಿಕಾರಿಯನ್ನು ನೇಮಿಸಿ ಅವರ ಫೀಸು ಕೊಡುವವರೂ ಕಂಪನಿಯವರು. ಹೊರಹಾಕಿದ ಕಾರಣವನ್ನು ಬರೆಯುವವರೂ ಅವರೇ. ಅದನ್ನು ಪ್ರಶ್ನಿಸಬೇಕಾದರೆ ಕೋಟೆಯವಳು ಮೈಸೂರಿನ ಕಾರ್ಮಿಕ ನ್ಯಾಯಾಲಯಕ್ಕೆ ವರ್ಷಗಟ್ಟಲೆ ಅಲೆಯಬೇಕು. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಬಸ್ ಚಾರ್ಜೇನೋ ಉಳಿಯಿತು, ಅಂದಿನ ಕೂಲಿಯನ್ನು ಯಾರು ಕೊಡುತ್ತಾರೆ? ತೀರ್ಪು ಅವಳ ಪರವಾಗಿ ಬರುವಷ್ಟರಲ್ಲಿ, ಮೂರು ತಿಂಗಳ ಹಸಿವಿಗೆಂದು ಇಟ್ಟಿದ್ದ ಭತ್ಯೆಗೆ ಅರ್ಥವೇ ಉಳಿದಿರುವುದಿಲ್ಲ.

ಆದರೂ ವಿಚಾರಣೆಯ ತನಕ ಹೋದವರು ಅದೃಷ್ಟವಂತರು ಎನ್ನಬೇಕು. ಬಹಳಷ್ಟು ಸಲ ಮಾತು ಅಲ್ಲಿಗೆ ಮುಟ್ಟುವುದೇ ಇಲ್ಲ. ಮೇಜಿನ ಆಚೆ ಬದಿಯಿಂದ ನಯವಾದ ಸಲಹೆಯೊಂದು ಬರುತ್ತದೆ: “ನೋಡಮ್ಮ, ಚಾರ್ಜ್‌ಶೀಟ್ ಕೊಟ್ರೆ ನಿನ್ ಹೆಸ್ರಿಗೆ ಕಪ್ಪು ಚುಕ್ಕೆ. ಬೇರೆ ಕಡೆ ಯಾರೂ ತಗೊಳಲ್ಲ. ಅದರ ಬದ್ಲು ನೀನಾಗೇ ರಾಜೀನಾಮೆ ಬರ್ಕೊಟ್ಬಿಡು, ಪಿಎಫ್ ಬೇಗ ಸಿಗುತ್ತೆ.” ಕಾಗದ ಮೊದಲೇ ತಯಾರಿರುತ್ತದೆ, ಕೆಳಗೆ ಸಹಿ ಹಾಕುವುದಷ್ಟೇ ಬಾಕಿ. ಅವಳು ಮಾನ ಉಳಿಯಿತು ಎಂದುಕೊಂಡು ಸಹಿ ಹಾಕುತ್ತಾಳೆ. ಆ ಸಹಿಯೊಂದಿಗೆ ಸೇವೆಯ ವರ್ಷಕ್ಕೆ 15 ದಿನದ ಕೂಲಿಯಂತೆ ಬರಬೇಕಿದ್ದ ಛಾಂಟಿ (ರಿಟ್ರೆಂಚ್‌ಮೆಂಟ್) ಪರಿಹಾರ ಹೋಯಿತು, ನೋಟಿಸ್ ಅವಧಿಯ ಸಂಬಳ ಹೋಯಿತು, ‘ತಾನಾಗಿ ಬಿಟ್ಟವಳು’ ಆದ್ದರಿಂದ ನಿರುದ್ಯೋಗ ಭತ್ಯೆಯೂ ಹೋಯಿತು.

ದುರ್ನಡತೆಯ ಷರತ್ತು ನಿಜಕ್ಕೂ ದುಡಿಯುವುದು ಇಲ್ಲಿ. ವಜಾ ಆದರೆ ಭತ್ಯೆ ಇಲ್ಲ, ವಜಾಕ್ಕೆ ಹೆದರಿ ರಾಜೀನಾಮೆ ಕೊಟ್ಟರೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಷರತ್ತಿನಿಂದ ಸಿಕ್ಕಿಬಿದ್ದ ಕಳ್ಳರೆಷ್ಟೋ, ಆದರೆ ಅದರ ಹೆದರಿಕೆಯನ್ನೇ ದೊಣ್ಣೆ ಮಾಡಿಕೊಂಡು, ಪರಿಹಾರ ಕೊಡದೆ ಜನರನ್ನು ಕಳಿಸಲು ಅನುಕೂಲವಾಗಿರುವುದಂತೂ ದಿಟ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳು ಸದ್ದಿಲ್ಲದೆ ಬಾಗಿಲು ಹಾಕಿದ್ದನ್ನೂ, ಬಲವಂತದ ರಾಜೀನಾಮೆ ಬರೆಸಿಕೊಂಡದ್ದನ್ನೂ ಕಾರ್ಮಿಕ ಸಂಘಟನೆ ಗಾಟ್ವು ಮತ್ತು ಆಲ್ಟರ್ನೇಟಿವ್ ಲಾ ಫೋರಂ ಸೇರಿ 2021ರಲ್ಲಿ ವರದಿ ಮಾಡಿದವು. ಕೆ.ಆರ್. ನಗರಕ್ಕೆ ದೂರವಲ್ಲದ ಶ್ರೀರಂಗಪಟ್ಟಣದಲ್ಲಿ 2020ರ ಜೂನ್‌ನಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಘಟಕ 1,200ಕ್ಕೂ ಹೆಚ್ಚು ಮಂದಿಯನ್ನು ಲೇ-ಆಫ್ ಮಾಡಿತು. ಯಂತ್ರಗಳನ್ನು ಸಾಗಿಸಲು ಬಂದಾಗ ಹೆಣ್ಣುಮಕ್ಕಳು ಗೇಟಿನ ಮುಂದೆ ಕೂತರು, ವಾರಗಟ್ಟಲೆ ಕೂತರು. ಅವರಿಗೆ ಸಂಘವಿತ್ತು, ಉಡುಪು ಕೊಳ್ಳುತ್ತಿದ್ದ ವಿದೇಶಿ ಕಂಪನಿಯ ತನಕ ಕೂಗು ಮುಟ್ಟಿತು, 2021ರ ಆರಂಭದಲ್ಲಿ ಮರುನೇಮಕದ ಒಪ್ಪಂದವಾಯಿತು. ಸಂಘವಿಲ್ಲದ ಕಡೆ ಒಬ್ಬೊಬ್ಬರನ್ನೇ ಕರೆದು ಸಹಿ ಹಾಕಿಸಿಕೊಂಡರೆ ಅದು ಪತ್ರಿಕೆಯ ಒಳಪುಟಕ್ಕೂ ಬರುವುದಿಲ್ಲ. ಗುತ್ತಿಗೆ ಕೆಲಸಗಾರರ ಪಾಡು ಇದಕ್ಕಿಂತ ಸರಳ: “ನಾಳೆಯಿಂದ ಬರಬೇಡ” ಅಷ್ಟೆ.

ಸಂಘವಿದ್ದ ಕಡೆಯೂ ದುರ್ನಡತೆಯ ಹಣೆಪಟ್ಟಿ ಎಲ್ಲಿಗೆ ಅಂಟುತ್ತದೆ ಎಂಬುದಕ್ಕೆ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಸಾಕ್ಷಿ. 2020ರ ನವೆಂಬರ್‌ನಲ್ಲಿ ನೌಕರನೊಬ್ಬನ ಅಮಾನತಿನಿಂದ ಹತ್ತಿದ ಕಿಡಿ ಧರಣಿಯಾಗಿ, 10ನೇ ತಾರೀಕಿನ ಲಾಕೌಟ್ ಆಗಿ, ಹತ್ತಾರು ಮಂದಿಯ ಅಮಾನತಿಗೆ ಬಂದು ನಿಂತಿತು. ಕಂಪನಿ ಅದನ್ನು ಶಿಸ್ತು ಎಂದಿತು, ಸಂಘ ಸೇಡು ಎಂದಿತು. ಯಾರು ಸರಿ ಎಂಬುದು ಬೇರೆ ಚರ್ಚೆ. ಇಂಥ ಜಗಳದಲ್ಲಿ ಒಂದು ಪಕ್ಷದವರು ಬರೆದ ಕಾರಣವನ್ನೇ ವಿಮಾ ನಿಗಮ ಕಣ್ಣುಮುಚ್ಚಿ ಒಪ್ಪಬೇಕೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

“ಶಿಸ್ತು ತಪ್ಪಿದವರಿಗೆ ರಕ್ಷಣೆ ಕೊಟ್ಟರೆ ಶಿಸ್ತೇ ಉಳಿಯುವುದಿಲ್ಲ” ಎನ್ನುವವರು 1948ರ ಇಎಸ್‌ಐ ಕಾಯ್ದೆಯನ್ನೇ ತೆರೆದು ನೋಡಬಹುದು. ಅದರ 51ಬಿ ಕಲಮಿನ ಪ್ರಕಾರ, ಕೆಲಸಗಾರ ನಿಯಮ ಮೀರಿ, ಮಾಲೀಕರ ಆದೇಶವನ್ನೂ ಮೀರಿ ನಡೆದುಕೊಂಡಾಗ ಅಪಘಾತವಾದರೂ, ಅವನು ಮಾಡುತ್ತಿದ್ದುದು ಮಾಲೀಕರ ಕೆಲಸವೇ ಆಗಿದ್ದರೆ ಪರಿಹಾರ ಸಿಗುತ್ತಿತ್ತು. ಯಂತ್ರದ ಗಾರ್ಡು ತೆಗೆದು ಕೈ ಹಾಕಿದವನಿಗೆ “ಹೇಳಿದ್ದು ಕೇಳಲಿಲ್ಲ, ಅನುಭವಿಸು” ಎಂದು ಕಾನೂನು ಹೇಳಲಿಲ್ಲ. ಬೆರಳು ಹೋದದ್ದಕ್ಕೂ ಕೆಲಸ ಹೋದದ್ದಕ್ಕೂ ವಿಮೆ ಮಾಡಿಸಿಕೊಂಡಿರುವುದು ಒಂದೇ ನಿಗಮ, ಕಂತು ಒಂದೇ. ತಪ್ಪಿನ ಲೆಕ್ಕ ಮೊದಲನೆಯದಕ್ಕೆ ಬೇಡ, ಎರಡನೆಯದಕ್ಕೆ ಮಾತ್ರ ಬೇಕಂತೆ.

ಉಳಿದ ಕಾನೂನುಗಳೂ ಇಷ್ಟು ಕಟುವಲ್ಲ. 1972ರ ಗ್ರಾಚ್ಯುಟಿ ಕಾಯ್ದೆ, ಕೆಲಸಗಾರನಿಂದ ನಷ್ಟವಾಗಿದ್ದರೆ ಆ ನಷ್ಟದಷ್ಟನ್ನು ಮಾತ್ರ ಮುರಿದುಕೊಳ್ಳಲು ಬಿಡುತ್ತಿತ್ತು. ಪೂರ್ತಿ ಕಳೆದುಕೊಳ್ಳಬೇಕಾದರೆ ಹಿಂಸೆ, ಪುಂಡಾಟ ಅಥವಾ ನೈತಿಕ ಅಧಃಪತನದ ಅಪರಾಧ ಇರಬೇಕಿತ್ತು. ಪಿಎಫ್ ಹಣವಂತೂ ಯಾವ ಕಾರಣಕ್ಕೆ ವಜಾ ಆದರೂ ಕೆಲಸಗಾರರದ್ದೇ. 2016ರ ಏಪ್ರಿಲ್‌ನಲ್ಲಿ ಅದನ್ನು ತೆಗೆಯುವ ನಿಯಮ ಬಿಗಿ ಮಾಡಲು ಹೊರಟಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದು ಕೇಂದ್ರ ಸರ್ಕಾರ ಆದೇಶ ಹಿಂತೆಗೆದುಕೊಳ್ಳುವಂತೆ ಮಾಡಿದ್ದರು. ಕೆಲಸ ಹೋದಾಗ ಒಲೆ ಉರಿಸುವ ದುಡ್ಡು ಯಾವುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಕರ್ನಾಟಕದ್ದೇ 1988ರ ಜೀವನಾಧಾರ ಭತ್ಯೆ ಕಾಯ್ದೆಯಿದೆ. ಅಮಾನತಾದವರಿಗೆ ಮೊದಲ 90 ದಿನ ಸಂಬಳದ ಶೇ 50, ಆಮೇಲೆ 180 ದಿನದ ತನಕ ಶೇ 75, ಅದನ್ನೂ ದಾಟಿದರೆ ಶೇ 90. ಆರೋಪ ಹೊತ್ತು ಕೂತವನಿಗೂ ಹೊಟ್ಟೆಯಿದೆ ಎಂದು ಒಪ್ಪಿದ ರಾಜ್ಯದಲ್ಲಿ, ವಜಾ ಆದೇಶ ಕೈಗೆ ಬಂದ ಮರುದಿನದಿಂದ ಆ ಹೊಟ್ಟೆ ಮಾಯವಾಗುತ್ತದೆ.

ಹಾಗಾದರೆ ನಿಜವಾಗಿ ಕದ್ದವನಿಗೆ, ಕೈ ಮಾಡಿದವನಿಗೆ, ಜೊತೆಯ ಹೆಣ್ಣುಮಗಳ ಮೇಲೆ ದೌರ್ಜನ್ಯ ಮಾಡಿದವನಿಗೆ? ಪ್ರಶ್ನೆ ನ್ಯಾಯವಾದದ್ದೇ, ಜಾರಿಕೊಳ್ಳುವ ಹಾಗಿಲ್ಲ. ಅವರಿಗೆ ಪೊಲೀಸ್ ಠಾಣೆಯಿದೆ, ಕೋರ್ಟಿದೆ, ಮಹಿಳೆಯರ ದೂರಿಗೆ ಆಂತರಿಕ ಸಮಿತಿಯಿದೆ. ಅಲ್ಲಿ ಸಾಬೀತಾದ ಮೇಲೆ ಭತ್ಯೆ ತಡೆಹಿಡಿದರೆ ಯಾರ ತಕರಾರೂ ಇರಲಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1988ರ 168ನೇ ಒಡಂಬಡಿಕೆ ಕೂಡ ಬೇಕೆಂದೇ ತನ್ನ ವಜಾಕ್ಕೆ ಕಾರಣನಾದವನ ಭತ್ಯೆಗೆ ತಡೆ ಒಡ್ಡಬಹುದು ಎನ್ನುತ್ತದೆ. ಆದರೆ ಅದನ್ನು ತೀರ್ಮಾನಿಸಬೇಕಾದವರು ಸಕ್ಷಮ ಪ್ರಾಧಿಕಾರದವರು, ಕಂಪನಿಯ ಮ್ಯಾನೇಜರಲ್ಲ. ಬ್ರಿಟನ್ 1911ರಲ್ಲಿ ನಿರುದ್ಯೋಗ ವಿಮೆ ಶುರುಮಾಡಿದಾಗಲೇ ದುರ್ನಡತೆಗೆ ಹಾಕಿದ ತಡೆ ಆರು ವಾರದ್ದು. ಜರ್ಮನಿಯಲ್ಲಿ ಈಗ ಸಾಮಾನ್ಯವಾಗಿ 12 ವಾರ. ಫ್ರಾನ್ಸಿನಲ್ಲಂತೂ ಗಂಭೀರ ತಪ್ಪಿಗೆ ವಜಾ ಆದವರಿಗೂ ಭತ್ಯೆ ಉಂಟು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟು 1941ರಲ್ಲಿ ಟ್ಯಾಕ್ಸಿ ಚಾಲಕನೊಬ್ಬನ ಮೊಕದ್ದಮೆಯಲ್ಲಿ, ಕೈಲಾಗದಿರುವುದು, ಸಾಮಾನ್ಯ ಅಜಾಗರೂಕತೆ, ಅಂದಾಜು ತಪ್ಪುವುದು ಇವೆಲ್ಲ ವಿಮೆ ಕಳೆಯುವಂಥ ದುರ್ನಡತೆಯಲ್ಲ, ಮಾಲೀಕರ ಹಿತವನ್ನು ಉದ್ದೇಶಪೂರ್ವಕವಾಗಿ ತುಳಿದಿರಬೇಕು ಎಂದು ಗೆರೆ ಎಳೆಯಿತು. ಆ ದೇಶಗಳಲ್ಲಿ ಎಲ್ಲವೂ ಚೆನ್ನಾಗಿದೆ ಎಂದಲ್ಲ, ಇಲ್ಲಿ ಆ ಗೆರೆಯನ್ನೇ ಎಳೆದಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. 2005ರ ಉದ್ಯೋಗ ಖಾತರಿ ಕಾಯ್ದೆಯ 9ನೇ ಕಲಮು, ಕೊಟ್ಟ ಕೆಲಸಕ್ಕೆ ಬಾರದವರಿಗೆ, ಹೇಳದೆ ವಾರಕ್ಕಿಂತ ಹೆಚ್ಚು ಗೈರಾದವರಿಗೆ ನಿರುದ್ಯೋಗ ಭತ್ಯೆಯನ್ನು ಮೂರು ತಿಂಗಳು ನಿಲ್ಲಿಸಿತ್ತು. ಅಷ್ಟರಲ್ಲೂ ಅವರು ಮತ್ತೆ ಕೆಲಸ ಕೇಳಬಹುದಿತ್ತು. ಪಂಚಾಯಿತಿಯ ಕೆರೆ ಹೂಳೆತ್ತುವವರಿಗೆ ಇದ್ದ ಈ ರಿಯಾಯಿತಿ ಕಂತು ಕಟ್ಟಿದ ಕಾರ್ಖಾನೆಯವರಿಗೆ ಇಲ್ಲ.

ನಿಧಿ ಪೋಲಾಗುತ್ತದೆ ಎಂಬ ಇನ್ನೊಂದು ಆತಂಕವಿದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಆ ನಿಧಿಯನ್ನು ಮುಟ್ಟುವ ಹಕ್ಕಿರುವವರಾದರೂ ಎಷ್ಟು ಮಂದಿ? ಬ್ಯಾರನ್ನಿನ ಮುಂದೆ ಬೇಯುವ ಕೂಲಿಯವರು ಇಎಸ್‌ಐ ಒಳಗಿಲ್ಲ. ಕೋಟೆ, ಹುಣಸೂರಿನ ಹಾಡಿಗಳಿಂದ ಕೊಡಗಿನ ತೋಟಕ್ಕೆ ಜೀಪು ಹತ್ತುವ ಜೇನುಕುರುಬರು ಇಲ್ಲ. ಸಕ್ಕರೆ ಕಾರ್ಖಾನೆಗಳನ್ನು ಹಂಗಾಮಿನ ಕಾರ್ಖಾನೆ ಎಂದು ಕಾಯ್ದೆಯೇ ಹೊರಗಿಟ್ಟಿದೆ. ಹೀಗಾಗಿ ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಹಾಕಿದ್ದಾಗ, ಯಾವ ತಪ್ಪನ್ನೂ ಮಾಡದ ಅಲ್ಲಿನ ಕೆಲಸಗಾರರಿಗೆ ಈ ಭತ್ಯೆಯ ದಾರಿಯೇ ಇರಲಿಲ್ಲ. ಒಳಗಿರುವವರಿಗೂ ತಿಂಗಳ ಕೂಲಿ 21,000 ರೂಪಾಯಿ ದಾಟುವಂತಿಲ್ಲ, ಎರಡು ವರ್ಷದ ವಿಮಾ ಸೇವೆ ಬೇಕು, ಕಂತಿನ ಅವಧಿಯಲ್ಲಿ 78 ದಿನದ ಹಾಜರಿ ಬೇಕು. ಇಷ್ಟು ಜರಡಿ ಹಿಡಿದ ಮೇಲೆ ಉಳಿದ ಕೆಲವರ ಮೇಲೆ ನಡತೆಯ ಪರೀಕ್ಷೆ ನಡೆಸಿ ಉಳಿಸುವ ದುಡ್ಡು ಯಾರ ಉದ್ಧಾರಕ್ಕೆ?

2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಬಾಗಿಲಿಗೆ ಹೊಸ ಬಣ್ಣ ಬಳಿದಿದ್ದಾರೆ, ಅಗುಳಿ ಹಾಗೇ ಇದೆ. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಕೆಲಸ ಹೋದವರಿಗೆ 15 ದಿನದ ಕೂಲಿ ಕೊಡುವ ಮರುಕೌಶಲ ನಿಧಿಯಿದೆ, ಆದರೆ ಅದು ಛಾಂಟಿಯಾದವರಿಗೆ ಮಾತ್ರ. ಶಿಸ್ತುಕ್ರಮದ ವಜಾ, ಸ್ವಇಚ್ಛೆಯ ನಿವೃತ್ತಿ ಎರಡನ್ನೂ ಛಾಂಟಿಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿದ್ದಾರೆ. ಜೊತೆಗೆ ಸ್ಥಾಯಿ ಆದೇಶಗಳು ಇನ್ನು 300 ಕೆಲಸಗಾರರಿರುವ ಕಡೆ ಮಾತ್ರ ಕಡ್ಡಾಯ. ಅದಕ್ಕಿಂತ ಸಣ್ಣ ಕಾರ್ಖಾನೆಯಲ್ಲಿ ಯಾವುದು ದುರ್ನಡತೆ ಎಂಬುದಕ್ಕೆ ಪ್ರಮಾಣೀಕರಿಸಿದ ಪಟ್ಟಿಯೂ ಇರಬೇಕಾಗಿಲ್ಲ.

ಈ ಷರತ್ತನ್ನು ತಿದ್ದಲು ಸಂಸತ್ತು ಸೇರಬೇಕಾಗಿಲ್ಲ ಎಂಬುದನ್ನು ನಿಗಮವೇ ತೋರಿಸಿಕೊಟ್ಟಿದೆ. 2020ರ ಆಗಸ್ಟ್ 20ರ ಸಭೆಯಲ್ಲಿ ಅದು ಕಾಲು ಭಾಗದ ಭತ್ಯೆಯನ್ನು ಅರ್ಧಕ್ಕೇರಿಸಿತು, 90 ದಿನ ಕಾಯಬೇಕಿದ್ದದ್ದನ್ನು 30ಕ್ಕೆ ಇಳಿಸಿತು. ಅಲ್ಲಿಯವರೆಗೆ ಅರ್ಜಿ ಹಳೆಯ ಮಾಲೀಕರ ಮೂಲಕವೇ ಬರಬೇಕಿತ್ತು, ಅದನ್ನು ಬಿಟ್ಟು ನೇರ ಶಾಖಾ ಕಚೇರಿಗೆ ಕೊಡಲು ಅವಕಾಶ ಮಾಡಿತು. ಅರ್ಜಿಗೆ ಮಾಲೀಕರ ಮರ್ಜಿ ಬೇಡ ಎಂದು ಒಂದೇ ಸಭೆಯಲ್ಲಿ ತೀರ್ಮಾನಿಸಿದವರಿಗೆ, ಕೆಲಸ ಹೋದ ಕಾರಣಕ್ಕೂ ಮಾಲೀಕರ ಮಾತೊಂದೇ ಸಾಲದು ಎಂದು ತೀರ್ಮಾನಿಸುವುದು ಕಷ್ಟವಲ್ಲ. ಗೈರುಹಾಜರಿ, ತಡ, ಎದುರುತ್ತರದಂಥವನ್ನು ಷರತ್ತಿನಿಂದ ತೆಗೆಯಬೇಕು. ಕಳ್ಳತನ, ಹಿಂಸೆ ಸಾಬೀತಾದರೆ ಇಂತಿಷ್ಟು ವಾರದ ತಡೆ ಎಂದು ನಿಗದಿಮಾಡಬೇಕು. ವಿವಾದ ಕಾರ್ಮಿಕ ನ್ಯಾಯಾಲಯದಲ್ಲಿದ್ದರೆ ಭತ್ಯೆ ಕೊಟ್ಟು, ತೀರ್ಪು ಬಂದ ಮೇಲೆ ಲೆಕ್ಕ ಸರಿಮಾಡಿಕೊಳ್ಳಬೇಕು. ರಾಜೀನಾಮೆ ಪತ್ರ ಬಂದರೆ ಅದನ್ನು ಬರೆದವರನ್ನೇ ಶಾಖಾ ಕಚೇರಿಗೆ ಕರೆಸಿ, ಎಚ್.ಆರ್. ಜೊತೆಗಿಲ್ಲದಾಗ, ಸಹಿ ಹಾಕಿದ್ದು ಯಾಕೆ ಎಂದು ಕೇಳಬೇಕು.